ಹನ್ನೆರಡನೆಯ ಗುರುವಾರ

ತಳೇಗಾಂವ ದಾಭಾಡೆ
೧೪ ಜೂನ್ ೧೯೯೮, ರವಿವಾರ

ತೀರ್ಥರೂಪ ಕೃಷ್ಣಾಜಿ ಮಾವನಿಗೆ ಸುಲಭಾಳ ನಮಸ್ಕಾರ.

ಮೂರು ತಿಂಗಳಿಂದ ಪತ್ರವಿಲ್ಲ, ಈಗ ಕೆಲಸ ಬಿತ್ತೆಂದು ಬರೆಯುತ್ತಿದ್ದಾಳೆ ಎಂದು ನೀವು ಧಾರವಾಡದಲ್ಲಿ ಗೊಣಗುವುದು ಇಲ್ಲಿಗೇ ಕೇಳುತ್ತದೆ. ಗೊಣಗಿರಿ, ಆದರೆ ಪೂರ್ತಿ ಓದಿರಿ. ಎಸ್‌ಟಿಡಿ ಬೂತಿನಿಂದ ಹೇಳುವ ವಿಷಯ ಇದಲ್ಲ. ಬೂತಿನ ಹೊರಗೆ ಯಾವಾಗಲೂ ನಾಲ್ಕು ಜನ ನಿಂತಿರುತ್ತಾರೆ, ಅವರಲ್ಲಿ ಇಬ್ಬರಾದರೂ ನಮ್ಮ ಕಾಲನಿಯವರು.

ಇವರ ಕುಡಿತದ ವಿಷಯ ಸೋದರಮಾವನಾದ ನಿಮಗೂ ನಾನು ಎಂದೂ ಬಿಡಿಸಿ ಬರೆದಿಲ್ಲ, ನೀವೂ ಕೇಳಿಲ್ಲ. ಹನ್ನೊಂದೂವರೆ ವರ್ಷ ಮುಚ್ಚಿಟ್ಟೆ. ಫೆಬ್ರುವರಿಯಲ್ಲಿ ಮುಕ್ತಾಳ ಶಾಲೆಯ ಗ್ಯಾದರಿಂಗಿಗೆ ಕುಡಿದು ಬಂದು ಮೊದಲ ಸಾಲಿನಲ್ಲಿ ಕೂತರು. ಅವಳು ಹಾಡುವಾಗ ಚಪ್ಪಾಳೆ ತಟ್ಟಲೆಂದು ಎದ್ದು, ಎಲ್ಲರೆದುರು ಬಿದ್ದರು. ‘ಯಾರೇ ಅವರು?’ ಎಂದು ಗೆಳತಿ ಕೇಳಿದರೆ ನನ್ನ ಮಗಳು ‘ನಮ್ಮ ಬಾಜೂ ಮನಿಯವರು’ ಅಂದಳಂತೆ. ಹತ್ತು ವರ್ಷದ ಹುಡುಗಿ, ಮಾವ! ಡಾಕ್ಟರಂತೂ ನನ್ನೆದುರಿಗೇ ಹೇಳಿಬಿಟ್ಟರು: ಲಿವರ್ ಬಾತಿದೆ, ಈ ವರ್ಷ ಬಿಟ್ಟರೆ ಉಳಿಯುತ್ತಾರೆ, ಮುಂದಿನ ವರ್ಷ ಬಿಡುತ್ತೇನೆಂದರೆ ಬಿಡುವುದಕ್ಕೆ ಮನುಷ್ಯನೇ ಇರುವುದಿಲ್ಲ ಎಂದು.

ಈಗ ಒಳ್ಳೆಯ ಸುದ್ದಿ. ಗುರುವಾರದಿಂದ ಇವರು ಮುಟ್ಟಿಲ್ಲ. ಕೈ ನಡುಗುತ್ತದೆ, ಡಾಕ್ಟರ ಗುಳಿಗೆ ನಡೆದಿವೆ, ಆದರೆ ಮುಟ್ಟಿಲ್ಲ. ದೇಹೂ ರೋಡಿನಲ್ಲಿ ಕುಡಿತ ಬಿಡಿಸುವ ಸಲಹೆಗಾರರೊಬ್ಬರು ಇದ್ದಾರಂತೆ. ಔಷಧ ಗಿವಷಧ ಇಲ್ಲ, ಎದುರಿಗೆ ಕೂಡಿಸಿಕೊಂಡು ಮಾತಾಡಿಸುತ್ತಾರೆ. ವಾರಕ್ಕೊಮ್ಮೆ, ಗುರುವಾರ ಸಂಜೆ, ಒಟ್ಟು ಹನ್ನೆರಡು ಸಲ. ನಮ್ಮ ಧಾರವಾಡದ ಕಡೆಯವರೇ. ‘ಎಲ್ಲಿ ಸಿಕ್ಕರು?’ ಎಂದು ಕೇಳಿದರೆ ‘ಹಳೇ ಪರಿಚಯ’ ಎಂದಷ್ಟೇ ಹೇಳುತ್ತಾರೆ.

ವಿಚಿತ್ರವೆಂದರೆ, ತಮ್ಮನ್ನು ತಪಾಸು ಮಾಡಿರಿ ಎಂದು ಆ ಮನುಷ್ಯರೇ ಚೀಟಿ ಬರೆದು ಕಳಿಸಿದ್ದಾರೆ. ಇದ್ದದ್ದು ಇದ್ದಂತೆ ನಕಲು ಮಾಡುತ್ತೇನೆ:

‘ಭೀಮಸೇನ ಗುಂಡೇರಾವ ತಡಕೋಡ. ಪ್ರಮಾಣಪತ್ರ ಸಂಖ್ಯೆ ೧೧೭, ಸನ್ ೧೯೭೪, ಸಮಾಜಸೇವಾ ತರಬೇತಿ ಸಂಸ್ಥೆ, ಧಾರವಾಡ. ಮನೆಯವರು ಸಂಸ್ಥೆಗೆ ಬರೆದು ಖಾತ್ರಿ ಮಾಡಿಕೊಳ್ಳಬೇಕು. ಹನ್ನೆರಡನೆಯ ಭೇಟಿ ಆ ಕಾಗದ ಬಂದ ಮೇಲೆ.’

ಚೀಟಿಯ ಕಾಗದ ಹಳದಿಯಾಗಿ ಅಂಚು ಪುಡಿಯಾಗುತ್ತಿತ್ತು. ಆದರೆ ಮಡಚಿದಾಗ ಶಾಯಿ ನನ್ನ ಬೆರಳಿಗೆ ಹತ್ತಿತು.

ಅದೇ ಸಂಸ್ಥೆಯ ದಫ್ತರದಲ್ಲಿ ಮೂವತ್ತೊಂದು ವರ್ಷ ಕೂತವರು ನೀವು. ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರನ್ನೂ ‘ಎಲ್ಲಿ ಕಲತೀರಿ, ಯಾರ ಹತ್ರ ಕಲತೀರಿ?’ ಎಂದು ಕೇಳಿದವರು. ಒಮ್ಮೆ ಹೋಗಿ ನೋಡಿ ಬರೆಯಿರಿ. ಇವರು ಈ ಸಲ ಯಾರೋ ಠಕ್ಕನ ಕೈಗೆ ಸಿಕ್ಕು ಮತ್ತೆ ಬಾಟಲಿಗೆ ಹೋದರೆ, ಎಬ್ಬಿಸುವ ಶಕ್ತಿ ನನಗೆ ಉಳಿದಿಲ್ಲ.

ನಿಮ್ಮ ಸುಲಭಾ


ಧಾರವಾಡ
೧೮ ಜೂನ್ ೧೯೯೮

ಚಿ. ಸೌ. ಸುಲಭಾಳಿಗೆ ಆಶೀರ್ವಾದ.

ಪತ್ರ ಇಂದು ತಲುಪಿತು. ದಫ್ತರದಲ್ಲಿ ಈ ಹೆಸರಿನ ನೋಂದಣಿ ಇಲ್ಲ. ಲೋಕನಾಥನನ್ನು ಇನ್ನು ಅಲ್ಲಿಗೆ ಕಳಿಸಬೇಡ.

ಬೇರೆಯವರನ್ನು ಹುಡುಕು. ಹುಡುಕುವಾಗ ಇಷ್ಟು ಕೇಳು. ಎಲ್ಲಿ ತರಬೇತಿ, ಎಷ್ಟು ಕಾಲ, ಯಾರ ಕೈಕೆಳಗೆ ಕೆಲಸ ಮಾಡಿದರು. ಕಾಗದದ ಮೂಲ ಪ್ರತಿ ತೋರಿಸುತ್ತಾರೋ ಇಲ್ಲವೋ. ‘ಖಂಡಿತ ಬಿಡಿಸುತ್ತೇನೆ’ ಎಂದು ಮಾತು ಕೊಟ್ಟರೆ ಅಲ್ಲಿಂದಲೇ ಎದ್ದು ಬಾ, ಬಲ್ಲವರು ಹಾಗೆ ಮಾತು ಕೊಡುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವವರ ಹತ್ತಿರವೂ ಹೋಗಬೇಡ.

ನನ್ನ ಆರೋಗ್ಯ ಸುಮಾರು.

ಕೃಷ್ಣಾಜಿ


ತಳೇಗಾಂವ
೩ ಜುಲೈ ೧೯೯೮

ಮಾವನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ಪತ್ರ ಹದಿನೆಂಟಕ್ಕೆ ತಲುಪಿತು, ಹದಿನೆಂಟಕ್ಕೇ ಉತ್ತರ ಬರೆದಿರಿ. ದಫ್ತರಕ್ಕೆ ಯಾವಾಗ ಹೋಗಿದ್ದಿರಿ? ಅಂಗಡಿಯ ಸಾಮಾನಿನ ಚೀಟಿಯನ್ನೂ ಎರಡು ಸಲ ತಾಳೆ ನೋಡುವವರು ನೀವು. ಸಿಟ್ಟಾಗಬೇಡಿ, ಕೇಳಿದೆ ಅಷ್ಟೇ.

ಇವರಿಗೆ ಹೇಳಿದೆ. ‘ನಿಮ್ಮ ತಡಕೋಡ ಸರ್ ಸುಳ್ಳು ಮನುಷ್ಯಾ ಅಂತ ಧಾರವಾಡದಿಂದ ಬರದಾರ’ ಅಂದೆ. ಇವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ.

‘ದಫ್ತರದಾಗ ಈ ಹೆಸರಿನ ನೋಂದಣಿ ಇಲ್ಲ, ಹಿಂಗ ಬರದಾರಲ್ಲಾ?’

ನಾನು ನಿಮ್ಮ ಪತ್ರವನ್ನು ತೋರಿಸಿರಲಿಲ್ಲ. ಅಡಿಗೆಮನೆಯ ಡಬ್ಬಿಯಲ್ಲಿ ಇಟ್ಟಿದ್ದೆ.

‘ನಿಮಗ ಹೆಂಗ ಗೊತ್ತು?’

‘ಸರ್ ಹೇಳಿದ್ರು. ಮೊದಲನೇ ಸಲ ಹಿಂಗ ಬರತದ, ಇನ್ನೊಮ್ಮೆ ಬರೀರಿ ಅಂತ ಹೇಳು ಅಂದ್ರು.’ ಇಷ್ಟು ಹೇಳಿ ಹೊರಟುಹೋದರು. ಅಂದು ಎರಡನೆಯ ಗುರುವಾರ ಕಳೆದು ಮೂರನೆಯದು. ನಿನ್ನೆ ನಾಲ್ಕನೆಯದು.

ಕುಡಿದಿಲ್ಲ. ಇಪ್ಪತ್ತೆರಡು ದಿನ. ಕೈ ನಡುಕ ನಿಂತಿದೆ. ಮೊನ್ನೆ ಮುಕ್ತಾಳ ನೋಟ್‌ಬುಕ್ಕಿಗೆ ಖಾಕಿ ಕಾಗದ ಹಾಕಿಕೊಟ್ಟರು, ಅವಳು ದೂರ ನಿಂತೇ ನೋಡಿದಳು, ಆಮೇಲೆ ಬಂದು ಪುಸ್ತಕ ತೆಗೆದುಕೊಂಡಳು. ನಾನು ಒಳಗೆ ಹೋಗಿ ಅತ್ತೆ.

ನಿಮ್ಮ ಪಟ್ಟಿ ಹಿಡಿದುಕೊಂಡು ಪುಣೆಗೂ ಹೋಗಿ ಬಂದೆ. ದೊಡ್ಡ ದವಾಖಾನೆಯೊಂದರ ಮನೋರೋಗದ ಡಾಕ್ಟರಮ್ಮ ಒಳ್ಳೆಯವರು. ಇಂಥ ಸಲಹೆಗಾರರಿಗೆಂದೇ ಬೇರೆ ಲೈಸನ್ಸು ನಮ್ಮಲ್ಲಿ ನಡೆದುಬಂದಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಬಹುದು, ಅದಕ್ಕೇ ತರಬೇತಿ ಕೊಟ್ಟ ಸಂಸ್ಥೆಯ ಕಾಗದವೇ ಆಧಾರ, ಅದನ್ನು ಸಹಿ ಮತ್ತು ಮೊಹರಿನ ಸಿಕ್ಕೆಯೊಂದಿಗೆ ತರಿಸಿಕೊಳ್ಳಿ ಎಂದರು. ತಡಕೋಡರ ಹೆಸರೂ ಹೇಳಿದೆ. ಆ ಹೆಸರಿನವರೊಬ್ಬರು ಬಹಳ ಹಿಂದೆ ಈ ಕಡೆ ಇದ್ದರು, ಈಗ ಇರಲಿಕ್ಕಿಲ್ಲ ಎಂದರು.

ಇನ್ನೊಂದು ಮಾತು, ನಗಬೇಡಿ. ನಿನ್ನೆ ಸಂಜೆ ಇಲ್ಲಿ ಆಕಾಶ ಹರಿದು ಬಿದ್ದಂಥ ಮಳೆ. ಇವರು ಛತ್ರಿ ಒಯ್ದಿರಲಿಲ್ಲ. ಸ್ಟೇಷನ್ನಿನಿಂದ ನಡೆದು ಬಂದ ಕಾಲು ತೊಯ್ದಿದ್ದವು, ತಲೆ ತೊಯ್ದಿತ್ತು. ಎಡ ಹೆಗಲು ಮಾತ್ರ ಒಣಗಿತ್ತು. ಯಾರೋ ಅಲ್ಲಿ ಕೈ ಇಟ್ಟುಕೊಂಡು ಬಂದಂತೆ, ಒಂದು ಅಂಗೈಯಷ್ಟು ಜಾಗ.

ದಯವಿಟ್ಟು ದಫ್ತರಕ್ಕೆ ಹೋಗಿರಿ. ಸಿಕ್ಕೆ ಬೇಕು.

ಸುಲಭಾ


ತಳೇಗಾಂವ
೧ ಆಗಸ್ಟ್ ೧೯೯೮

ಮಾವ,

ತಿಂಗಳಾಯಿತು, ನಿಮ್ಮಿಂದ ಒಂದು ಕಾರ್ಡೂ ಇಲ್ಲ. ಬೂತಿನಿಂದ ಫೋನು ಮಾಡಿದರೆ ಮನೆಮಾಲಕರ ಸೊಸೆ ‘ಅಜ್ಜಾರು ಮಲಗ್ಯಾರ’ ಅಂದಳು. ಮಧ್ಯಾಹ್ನ ಹನ್ನೆರಡಕ್ಕೆ ನೀವು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ನಾನೇ ದೇಹೂ ರೋಡಿಗೆ ಹೋದೆ. ಬುಧವಾರ, ಹಗಲು ಹನ್ನೊಂದು ಗಂಟೆಗೆ, ಇವರು ಕೆಲಸಕ್ಕೆ ಹೋದ ಮೇಲೆ. ಸ್ಟೇಷನ್ನಿನಿಂದ ಹತ್ತು ನಿಮಿಷ, ಮಿಲಿಟರಿಯವರ ಗೋಡೆ ಮುಗಿದಲ್ಲಿ ಒಂದು ಹಳೆಯ ಮನೆ. ಹೊರಗಿನಿಂದಲೇ ಕಲ್ಲಿನ ಮೆಟ್ಟಿಲು, ಮೇಲೆ ಒಂದು ಕೋಣೆ. ಬಾಗಿಲ ಮೇಲೆ ತಗಡಿನ ಬೋರ್ಡು: ಬಿ. ಜಿ. ತಡಕೋಡ. ಅಕ್ಷರ ಅರ್ಧ ಎದ್ದುಹೋಗಿದ್ದವು. ಬಾಗಿಲಿಗೆ ಬೀಗ. ಕೀಲಿಕೈ ಹಾಕುವ ತೂತಿಗೆ ಜೇಡ ಬಲೆ ಕಟ್ಟಿ, ಬಲೆಗೂ ಧೂಳು ಹಿಡಿದಿತ್ತು.

ಕೆಳಗೆ ಮನೆಯೊಡತಿ ಕೃಷ್ಣಾಬಾಯಿ ಇದ್ದಳು. ಎಪ್ಪತ್ತು ದಾಟಿದ ಮರಾಠಿ ಹೆಂಗಸು. ನನಗೆ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

ತಡಕೋಡ ಸಾಹೇಬರು ಸತ್ತು ಹನ್ನೆರಡು ವರ್ಷವಾಯಿತು. ದೊಡ್ಡ ಕಂಪನಿಯಲ್ಲಿ ಕುಡುಕರನ್ನು ಸುಧಾರಿಸುವ ಕೆಲಸದಲ್ಲಿದ್ದರು. ಕಾಗದ ಸುಳ್ಳು ಎಂದು ಊರಿನಿಂದ ಬರೆದು ಬಂತೆಂದು ಕಂಪನಿ ತೆಗೆದುಹಾಕಿತು. ಅವರು ಊರಿಗೆ ಎರಡು ಪತ್ರ ಹಾಕಿ, ಇನ್ನೊಮ್ಮೆ ನೋಡಿರಿ ಎಂದು ಕೇಳಿಕೊಂಡು, ಆ ಮೆಟ್ಟಿಲ ಮೇಲೆ ಕೂತು ದಿನಾ ಟಪಾಲಿನವನ ದಾರಿ ಕಾದರು. ಗಣಪತಿ ಹಬ್ಬದ ದಿನಗಳಲ್ಲಿ ಒಂದು ಗುರುವಾರ ಸಂಜೆ ಚಹಾ ಒಯ್ದರೆ ಕುರ್ಚಿಯಲ್ಲಿ ಕೂತಲ್ಲೇ ತಣ್ಣಗಾಗಿದ್ದರು. ‘ಫಾರ್ ಚಾಂಗಲಾ ಮಾಣೂಸ್’ ಎಂದು ಮುದುಕಿ ಕಣ್ಣೊರೆಸಿಕೊಂಡಳು. ಭಾಳ ಒಳ್ಳೆಯ ಮನುಷ್ಯ ಎಂದು.

ಕೋಣೆ ಬಾಡಿಗೆಗೆ ಯಾಕೆ ಕೊಟ್ಟಿಲ್ಲ ಎಂದೆ. ಇಬ್ಬರು ಬಂದು ತಿಂಗಳೊಳಗೆ ಬಿಟ್ಟರಂತೆ. ‘ಟಪಾಲು ಬಂತೇ?’ ಎಂದು ಒಳಗೆ ಯಾರೋ ಕೇಳುತ್ತಾರೆ ಅಂದರಂತೆ.

ಆಮೇಲೆ ಅವಳಾಗಿಯೇ ಹೇಳಿದಳು: ಈಗ ಕೆಲವು ವಾರಗಳಿಂದ ಗುರುವಾರ ಸಂಜೆ ಒಬ್ಬ ಮನುಷ್ಯ ಬರುತ್ತಾನೆ. ತೆಳ್ಳಗೆ, ಕನ್ನಡಕ, ಬಲ ಹುಬ್ಬಿನ ಮೇಲೆ ಗಾಯದ ಗುರುತು. (ಮಾವ, ಆ ಗುರುತು ಗ್ಯಾದರಿಂಗಿನ ದಿನ ಬಿದ್ದದ್ದು.) ಬೀಗ ಹಾಕಿದ ಬಾಗಿಲ ಮುಂದೆ ಕೂತು ತಾಸುಹೊತ್ತು ಸಣ್ಣ ದನಿಯಲ್ಲಿ ಮಾತಾಡುತ್ತಾನೆ. ಚಹಾ ಬೇಕೇ ಎಂದರೆ ಎರಡು ಕಪ್ ಕೇಳುತ್ತಾನೆ. ಮೆಟ್ಟಿಲ ಮೇಲೆ ಇಟ್ಟು ಬರುತ್ತಾಳೆ. ಎರಡೂ ಬರಿದಾಗಿ ವಾಪಸು ಬರುತ್ತವೆ.

ನಾನು ಹೇಗೆ ಸ್ಟೇಷನ್ನಿಗೆ ಬಂದೆನೋ ಗೊತ್ತಿಲ್ಲ. ಮರುದಿನ ಗುರುವಾರ. ತಡೆಯಲೇ ಎಂದುಕೊಂಡೆ. ಬಾಗಿಲಿಗೆ ಅಡ್ಡ ನಿಂತೂ ನಿಂತೆ. ಇವರು ಶುದ್ಧ ಕಣ್ಣುಗಳಿಂದ ನನ್ನನ್ನು ನೋಡಿದರು. ಆ ಕಣ್ಣು ನೋಡಿ ಎಷ್ಟು ವರ್ಷವಾಗಿತ್ತು! ಸರಿದು ದಾರಿ ಬಿಟ್ಟೆ. ಹೆದರಿಕೆಯಾಗುತ್ತದೆ. ಹೋಗುತ್ತಿರುವುದಕ್ಕೂ ಹೆದರಿಕೆ, ಹೋಗುವುದನ್ನು ನಿಲ್ಲಿಸಿದರೆ ಇನ್ನೂ ಹೆಚ್ಚು ಹೆದರಿಕೆ.

ಊರಿನಿಂದ ಆ ಪತ್ರ ಬರೆದವರು ಯಾರು, ಮಾವ? ನೀವು ಆಗ ಅದೇ ಮೇಜಿನಲ್ಲಿ ಇದ್ದಿರಿ.

ಸುಲಭಾ


ಧಾರವಾಡ
೯ ಆಗಸ್ಟ್ ೧೯೯೮

ಚಿ. ಸೌ. ಸುಲಭಾ,

ನಾನೇ.

ಜೂನಿನಲ್ಲಿ ನಿನ್ನ ಪತ್ರದಲ್ಲಿ ಆ ಹೆಸರು ಓದಿದ ಕೂಡಲೇ ಗುರುತು ಹಿಡಿದೆ. ದಫ್ತರಕ್ಕೆ ಹೋಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಬರೆದ ವಾಕ್ಯವನ್ನೇ ಮತ್ತೆ ಬರೆದು ಟಪಾಲು ಡಬ್ಬಿಗೆ ಹಾಕಿದೆ. ಅವರು ಸತ್ತದ್ದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಿರಲೂ ಇಲ್ಲ.

ಈಗ ಮೊದಲಿನಿಂದ ಹೇಳುತ್ತೇನೆ. ೧೯೮೬ರಲ್ಲಿ ನಿನಗೆ ಇಪ್ಪತ್ತೇಳು. ನಿನ್ನಪ್ಪ ಇರಲಿಲ್ಲ, ನಿನ್ನ ಅವ್ವ ದಿನಾ ನನ್ನೆದುರು ಅಳುತ್ತಿದ್ದಳು. ಲೋಕನಾಥನ ಮನೆಯವರು ಒಪ್ಪಿದರು. ಹುಡುಗನ ಬಗ್ಗೆ ಚೌಕಶಿ ಮಾಡಬೇಕಲ್ಲ, ಆ ಕೆಲಸ ನನ್ನದು. ಜುಲೈಯಲ್ಲಿ ಪುಣೆಗೆ ಬಂದು ಅವನ ಆಗಿನ ಕಂಪನಿಯ ಗೇಟಿನಲ್ಲಿ ವಿಚಾರಿಸಿದೆ. ಕಾವಲುಗಾರ ಹೇಳಿದ: ‘ಪ್ರತಿ ಗುರುವಾರ ತಡಕೋಡ ಸಾಹೇಬರ ಹತ್ರ ಹೋಗ್ತಾನ.’ ತಡಕೋಡ ಸಾಹೇಬರ ಹತ್ತಿರ ಯಾಕೆ ಹೋಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ನಾನು ದೇಹೂ ರೋಡಿಗೆ ಹೋದೆ. ಅದೇ ಮೆಟ್ಟಿಲು ಹತ್ತಿದೆ. ನಮ್ಮ ಊರವರು ಎಂದು ಖುಷಿಯಾಗಿ ಎರಡು ಕಪ್ ಚಹಾ ತರಿಸಿದರು. ಲೋಕನಾಥ ಕುಡಿಯುತ್ತಾನೋ ಎಂದು ಕೇಳಿದೆ. ‘ನನ್ನ ಹತ್ರ ಬಂದವರ ಮಾತು ನಾ ಯಾರಿಗೂ ಹೇಳೂದಿಲ್ರಿ. ಹುಡುಗಿಯ ಸ್ವಂತ ಮಾವ ಬಂದು ಕೇಳಿದ್ರೂ ಹೇಳೂದಿಲ್ಲ’ ಅಂದರು. ಸಿಟ್ಟು ಬಂತು. ಎದ್ದು ನಿಂತಾಗ ಇಷ್ಟು ಮಾತ್ರ ಅಂದರು: ‘ಒಂದು ವರ್ಷ ತಡೀರಿ.’

ನಿನ್ನ ಅವ್ವನಿಗೆ ಏನೆಂದು ಹೇಳಲಿ? ಬಂದ ಸಂಬಂಧವನ್ನು ಯಾವನೋ ಒಬ್ಬನ ಮಾತಿಗೆ ಬಿಡಲೇ? ಹುಚ್ಚು ಬಿಡೋತನಕ ಮದುವೆ ಆಗೂದಿಲ್ಲ, ಮದುವೆ ಆಗೋತನಕ ಹುಚ್ಚು ಬಿಡೂದಿಲ್ಲ ಎಂದು ನನಗೆ ನಾನೇ ನಕ್ಕೆ. ಚಹಾ ಮುಟ್ಟದೆ ಇಳಿದುಬಂದೆ. ಬರುವ ದಾರಿಯಲ್ಲಿ ಕಂಪನಿಯ ಆಫೀಸಿಗೆ ಹೋಗಿ, ‘ನಿಮ್ಮ ತಡಕೋಡರ ಕಾಗದ ಯಾವಾಗರೆ ತಪಾಸು ಮಾಡೀರೇನು?’ ಎಂದು ಕೇಳಿದೆ. ಅಷ್ಟೇ ಕೇಳಿದ್ದು.

ಹದಿನೈದು ದಿನಕ್ಕೆ ಕಂಪನಿಯ ಪತ್ರ ನನ್ನ ಮೇಜಿಗೇ ಬಂತು. ಸಂಖ್ಯೆ ೧೧೭, ಖರೆಯೋ ಸುಳ್ಳೋ? ನಮ್ಮಲ್ಲಿ ಎರಡು ನೋಂದಣಿ ಪುಸ್ತಕ. ಪದವಿದಾನದ ದಿನ ಬಂದು ಪ್ರಮಾಣಪತ್ರ ಇಸಕೊಂಡವರು ದೊಡ್ಡ ಪುಸ್ತಕದಲ್ಲಿ, ಬರಲಾರದೆ ಟಪಾಲಿನಲ್ಲಿ ತರಿಸಿಕೊಂಡವರು ಕೆಂಪು ಬಟ್ಟೆಯ ಪುಸ್ತಕದಲ್ಲಿ. ದೊಡ್ಡದರಲ್ಲಿ ಅವರ ಹೆಸರು ಇರಲಿಲ್ಲ. ಕೆಂಪು ಪುಸ್ತಕ ಹೊಲಿಗೆ ಬಿಚ್ಚಿ ಬೈಂಡರನ ಹತ್ತಿರ ಹೋಗಿತ್ತು, ನಾಲ್ಕು ದಿನಕ್ಕೆ ಬರುವುದಿತ್ತು. ಇದು ನನಗೆ ಗೊತ್ತಿತ್ತು, ಸುಲಭಾ. ‘ಎಂಟು ದಿನ ತಡೆಯಿರಿ’ ಎಂದು ಬರೆಯಬಹುದಿತ್ತು. ‘ದಫ್ತರದಲ್ಲಿ ಈ ಹೆಸರಿನ ನೋಂದಣಿ ಇಲ್ಲ’ ಎಂದು ಬರೆದು ಸಿಕ್ಕೆ ಒತ್ತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವರ ಎರಡು ಪತ್ರ ಬಂದವು. ನನಗೆ ನಿನ್ನ ಮದುವೆಯ ಗಡಿಬಿಡಿ. ‘ಫೈಲಿಗೆ’ ಎಂದು ಗುರುತು ಹಾಕಿ ಇಟ್ಟೆ.

ಮೊನ್ನೆ ಗುರುವಾರ ದಫ್ತರಕ್ಕೆ ಹೋದೆ. ಈಗ ಆ ಮೇಜಿನಲ್ಲಿ ಸ್ವರ್ಣಲತಾ ಎಂಬ ಹುಡುಗಿ ಇದ್ದಾಳೆ. ಏಣಿ ಹತ್ತಿ ಕೆಂಪು ಪುಸ್ತಕ ಇಳಿಸಿಕೊಟ್ಟಳು. ಸಂಖ್ಯೆ ೧೧೭, ಭೀಮಸೇನ ಗುಂಡೇರಾವ ತಡಕೋಡ, ಎದುರಿಗೆ ಸ್ವಂತ ಸಹಿ. ‘ಭ’ ಅಕ್ಷರದ ಬಾಲ ಎಳೆದು ಹೆಸರಿನಡಿ ಗೆರೆಯಾಗಿಸಿ, ಕೊನೆಯಲ್ಲಿ ಎರಡು ಚುಕ್ಕಿ. ಆ ಪುಟದಲ್ಲೇ ಅವರ ಎರಡು ಪತ್ರ ಮಡಚಿಟ್ಟಿದ್ದವು. ನಾನು ಫೈಲಿಗೆ ಹಾಕಿದ್ದವು ಈ ಪುಸ್ತಕಕ್ಕೆ ಹೇಗೆ ಬಂದವೋ ಗೊತ್ತಿಲ್ಲ.

ಈ ಕೈಯಿಂದ ಇದಕ್ಕಿಂತ ಹೆಚ್ಚು ಬರೆಯಲಾರೆ.

ಕೃಷ್ಣಾಜಿ


ತಳೇಗಾಂವ
೧೪ ಆಗಸ್ಟ್ ೧೯೯೮

ಕೃಷ್ಣಾಜಿ ಮಾವನಿಗೆ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ. ಸಿಟ್ಟು ಬಂದಿದೆ ಎಂದು ಬರೆದರೆ ಕಡಿಮೆಯಾಗುತ್ತದೆ. ನಿಮ್ಮ ಒಂದು ಸಾಲಿಗೆ ಒಬ್ಬ ಮನುಷ್ಯ ಕುರ್ಚಿಯಲ್ಲಿ ತಣ್ಣಗಾದ. ಅದೇ ಸಾಲಿಗೆ ನನ್ನ ಹನ್ನೊಂದು ವರ್ಷ ಹೋದವು. ನನ್ನ ಸಲುವಾಗಿ ಮಾಡಿದೆ ಎನ್ನಬೇಡಿ. ನನ್ನನ್ನು ಯಾರೂ ಕೇಳಿರಲಿಲ್ಲ.

ನಿನ್ನೆ ಸಂಜೆ ಇವರು ಬಂದ ಮೇಲೆ ನಿಮ್ಮ ಪತ್ರವನ್ನು ಕೈಯಲ್ಲಿಟ್ಟೆ. ಓದಿ ಮಡಚಿ ಕೊಟ್ಟರು.

‘ಸರ್ ಇಲ್ಲಾ ಅಂತ ನಿಮಗ ಗೊತ್ತದ?’ ಅಂದೆ.

‘ಅವರ ಹೆಣಕ್ಕ ಹೆಗಲು ಕೊಟ್ಟಾಂವ ನಾ.’

‘ಮತ್ತ ಅಲ್ಲಿ ಯಾರ ಕೂಡ ಮಾತಾಡ್ತೀರಿ?’

‘ಹನ್ನೊಂದು ಗುರುವಾರ ಆಗಿದ್ವು ಆವಾಗ. ಹನ್ನೆರಡನೇದಕ್ಕ ಹೋದ್ರ ಸರ್ ಅಂದ್ರು, ನನ್ನ ಕಾಗದ ಸುಳ್ಳಂತ ಬಂದದ, ಸುಳ್ಳ ಮನುಷ್ಯಾ ನಿನಗ ಹೆಂಗ ಹೇಳಲಿ, ಖರೇ ಕಾಗದ ಬರಲಿ, ಆವಾಗ ಬಾ. ಆ ಸಂಜಿನ ನಾ ಮತ್ತ ಕುಡದೆ. ಈ ಜೂನಿನಾಗ ಸಾಯಬೇಕಂತ ರೈಲ್ವೆ ಲೈನ್ ಹಿಡದು ಹೊಂಟಿದ್ದೆ. ಎಡ ಹೆಗಲ ಮ್ಯಾಲೆ ಕೈ ಬಿತ್ತು. ಮೊದಲಿಂದ ಸುರು ಮಾಡೂಣ ಅಂದ್ರು.’

ಸಾಯಲಿಕ್ಕೆ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ, ಮಾವ.

ನಿನ್ನೆಗೆ ಹತ್ತು. ಬರುವ ಗುರುವಾರ ಹನ್ನೊಂದು. ಇಪ್ಪತ್ತೇಳಕ್ಕೆ ಹನ್ನೆರಡನೆಯದು, ಗಣಪತಿ ಕೂತ ಮೂರನೆಯ ದಿನ. ಆ ಹೊತ್ತಿಗೆ ಕಾಗದ ಬರದಿದ್ದರೆ ಏನಾಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಒಮ್ಮೆ ಆಗಿದೆ.

ಕಾಗದ ನನಗೆ ಬೇಡ. ಅವರ ಹೆಸರಿಗೆ, ಅವರ ವಿಳಾಸಕ್ಕೆ, ಸಿಕ್ಕೆ ಒತ್ತಿ, ರಜಿಸ್ಟರ್ ಮಾಡಿ ಕಳಿಸಿರಿ.

ಸುಲಭಾ


ರಜಿಸ್ಟರ್ಡ್ ಎ. ಡಿ.
ಧಾರವಾಡ, ೧೯ ಆಗಸ್ಟ್ ೧೯೯೮

ಶ್ರೀ ಭೀಮಸೇನ ಗುಂಡೇರಾವ ತಡಕೋಡ ಅವರಿಗೆ,
ಕೃಷ್ಣಾಬಾಯಿಯವರ ಮನೆ, ಮಹಡಿ ಕೋಣೆ, ದೇಹೂ ರೋಡ್, ಜಿಲ್ಲಾ ಪುಣೆ.

ವಿಷಯ: ಪ್ರಮಾಣಪತ್ರ ಸಂಖ್ಯೆ ೧೧೭, ೧೯೭೪.
ಉಲ್ಲೇಖ: ತಮ್ಮ ೧೯೮೬ರ ಆಗಸ್ಟ್ ೪ ಮತ್ತು ೨೧ರ ಪತ್ರಗಳು.

ಮಾನ್ಯರೇ,

ತಮ್ಮ ಹೆಸರು ಸಂಸ್ಥೆಯ 'ಟಪಾಲು' ನೋಂದಣಿ ಪುಸ್ತಕದಲ್ಲಿ ಇರುತ್ತದೆ. ತಾವು ಎರಡು ವರ್ಷದ ತರಬೇತಿ ಮುಗಿಸಿ ಮೊದಲನೆಯ ವರ್ಗದಲ್ಲಿ ಉತ್ತೀರ್ಣರಾಗಿದ್ದೀರಿ. ಸಂಸ್ಥೆಯ ಖಾತ್ರಿಪತ್ರವನ್ನು ಇಂದಿನ ಅಧಿಕಾರಿಗಳ ಸಹಿ ಮತ್ತು ಸಿಕ್ಕೆಯೊಂದಿಗೆ ಇದಕ್ಕೆ ಲಗತ್ತಿಸಿದೆ. ಹಿಂದೆ ಕಂಪನಿಗೆ ಹೋದ ಉತ್ತರ ಸುಳ್ಳು. ಅದನ್ನು ಬರೆದವನು ಈ ಪುಸ್ತಕ ನೋಡದೆ ಬರೆದನು. ಅವನು ಕೆಳಗೆ ಸಹಿ ಮಾಡಿದ್ದಾನೆ.

ಉತ್ತರಕ್ಕೆ ಹನ್ನೆರಡು ವರ್ಷ ತಡವಾದುದಕ್ಕೆ ಕ್ಷಮೆ ಕೇಳುವ ಪದ್ಧತಿ ದಫ್ತರದಲ್ಲಿ ಇಲ್ಲ. ನಾನು ಕೇಳುತ್ತೇನೆ. ಅಂದು ತಾವು ಕೊಟ್ಟ ಚಹಾ ಕುಡಿಯದೆ ಎದ್ದುಬಂದದ್ದಕ್ಕೂ ಕೇಳುತ್ತೇನೆ.

ತಮ್ಮ ವಿಶ್ವಾಸಕ್ಕೆ ಯೋಗ್ಯನಲ್ಲದ,
ಕೃಷ್ಣಾಜಿ
ನಿವೃತ್ತ ದಫ್ತರದಾರ


ತಳೇಗಾಂವ
೨೮ ಆಗಸ್ಟ್ ೧೯೯೮

ಮಾವ,

ನೀವು ಕಾಯುತ್ತಿರುತ್ತೀರಿ ಎಂದು ಬರೆಯುತ್ತಿದ್ದೇನೆ, ಬೇರೆ ಕಾರಣಕ್ಕಲ್ಲ.

ನಿನ್ನೆ ನಾನೂ ಇವರ ಜೊತೆ ಹೋದೆ. ರಜಿಸ್ಟರ್ ಬಂತೇ ಎಂದು ಕೃಷ್ಣಾಬಾಯಿಯನ್ನು ಕೇಳಿದೆ. ಬುಧವಾರ ಹೊಸ ಟಪಾಲಿನವನೊಬ್ಬ ಬಂದು ನೇರ ಮೆಟ್ಟಿಲು ಹತ್ತಿದನಂತೆ. ಮೇಲೆ ಯಾರೂ ಇಲ್ಲವೆಂದು ಹೇಳಲು ಇವಳು ಮೊಣಕಾಲು ಹಿಡಿದುಕೊಂಡು ಹೊರಗೆ ಬರುವುದರಲ್ಲಿ ಅವನು ಇಳಿದು ಸೈಕಲ್ ಹತ್ತಿದ್ದ. ‘ಸಹಿ ಆಯ್ತು ಆಜಿ’ ಎಂದು ಹೇಳಿ ಹೋದನಂತೆ. ಬಾಗಿಲ ಬೀಗ ಹಾಗೇ ಇತ್ತು, ಜೇಡನ ಬಲೆಯೂ ಹಾಗೇ ಇತ್ತು. ನಾನು ಮೇಲೆ ಹೋಗಿ ನೋಡಿದೆ. ಲಕೋಟೆ ಎಲ್ಲಿಯೂ ಇರಲಿಲ್ಲ.

ಐದೂವರೆಗೆ ಇವರು ಮೇಲಿನ ಮೆಟ್ಟಿಲಲ್ಲಿ ಕೂತರು. ನಾನು ಅಂಗಳದಲ್ಲಿ ನಿಂತೆ. ಬೀದಿಯ ಮಂಡಳದ ಗಣಪತಿಗೆ ಹಾಡು ಹಾಕಿದ್ದರು, ಅದು ಆಗಲೇ ನಿಂತಿತು. ನನಗೆ ಕೇಳಿದ್ದು ಇವರ ದನಿ ಮಾತ್ರ. ಮಾತಾಡುವರು, ತಡೆಯುವರು, ಹೌದ್ರಿ ಎನ್ನುವರು. ಆ ತಡೆಯುವ ಹೊತ್ತು ಸರಿಯಾಗಿ ಒಬ್ಬ ಮನುಷ್ಯ ಒಂದು ಮಾತು ಹೇಳಿ ಮುಗಿಸುವಷ್ಟು ಇತ್ತು. ಕೊನೆಗೆ ಇವರು ಬಿಕ್ಕಿ ಬಿಕ್ಕಿ ಅತ್ತರು. ಓಡಿ ಹೋಗಲೆಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಯಾರೋ ‘ತಡೀರಿ’ ಎಂದಂತಾಯಿತು. ನನಗೆ ನಾನೇ ಅಂದುಕೊಂಡಿರಬಹುದು.

ಇಳಿದು ಬಂದು ‘ಮುಗೀತು’ ಅಂದರು. ಏನು ಹೇಳಿದರು ಎಂದು ನಾನು ಕೇಳಲಿಲ್ಲ. ಅವರ ಹತ್ತಿರ ಬಂದವರ ಮಾತು ಅವರು ಯಾರಿಗೂ ಹೇಳುತ್ತಿರಲಿಲ್ಲವಂತಲ್ಲ.

ಎರಡೂ ಕಪ್ ಬರಿದಾಗಿದ್ದವು. ಒಂದರ ತಳಕ್ಕೆ ಶಾಯಿಯ ಬೆರಳಚ್ಚು ಇತ್ತು. ಕೃಷ್ಣಾಬಾಯಿ ಅದನ್ನು ತೊಳೆಯದೆ ಕಪಾಟಿನಲ್ಲಿ ಇಟ್ಟಳು.

ಕಾಗದ ಕಳಿಸಿದ್ದಕ್ಕೆ ನಿಮಗೆ ಕೃತಜ್ಞತೆ. ಇನ್ನು ಸ್ವಲ್ಪ ಕಾಲ ನನ್ನಿಂದ ಪತ್ರ ಬರುವುದಿಲ್ಲ.

ಸುಲಭಾ


ಧಾರವಾಡ
೫ ಸೆಪ್ಟೆಂಬರ್ ೧೯೯೮

ಚಿ. ಸೌ. ಸುಲಭಾಳಿಗೆ,

ಉತ್ತರ ಬೇಡ. ಇದನ್ನು ಹೇಳದೆ ಇಟ್ಟುಕೊಳ್ಳಲಾರೆ, ಹಿಂದೊಮ್ಮೆ ಇಟ್ಟುಕೊಂಡು ಇಷ್ಟಾಯಿತು.

ಎ. ಡಿ. ಕಾರ್ಡು ನಿನ್ನೆ ವಾಪಸು ಬಂತು. ತಲುಪಿದ್ದಕ್ಕೆ ಸಹಿ ಇದೆ. ಅದನ್ನು ದಫ್ತರಕ್ಕೆ ಒಯ್ದು ಕೆಂಪು ಪುಸ್ತಕದ ೧೧೭ರ ಪಕ್ಕ ಇಟ್ಟೆ. ಮೂವತ್ತೊಂದು ವರ್ಷ ಸಹಿ ತಾಳೆ ನೋಡಿದ ಕಣ್ಣಿವು. ಎಳೆದ ಬಾಲ, ಅಡಿಗೆರೆ, ಎರಡು ಚುಕ್ಕಿ. ನನಗೆ ಸಂಶಯವಿಲ್ಲ. ಸ್ವರ್ಣಲತಾ ಬಗ್ಗಿ ನೋಡಿ, ‘ಸರ್, ಇವರು ಈಗ ಎಲ್ಲಿ ಇರ್ತಾರ?’ ಎಂದು ಕೇಳಿದಳು. ನಾನು ಪುಸ್ತಕ ಮುಚ್ಚಿದೆ.

ಕಾರ್ಡಿನಲ್ಲಿ ಸಹಿಯ ಕೆಳಗೆ ಜಾಗ ಉಳಿದಿತ್ತು. ಅಲ್ಲಿ ನೀಲಿ ಶಾಯಿಯಲ್ಲಿ ಸಣ್ಣ ಅಕ್ಷರ: ‘ಒಂದು ವರ್ಷ ತಡೀರಿ.’

ನನ್ನ ವಯಸ್ಸಿಗೆ ಇದಕ್ಕೆ ಒಂದೇ ಅರ್ಥ ಹೊಳೆಯುತ್ತದೆ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಈ ಸಲ ತಡೆಯುತ್ತೇನೆ.

ಕೃಷ್ಣಾಜಿ


ತಳೇಗಾಂವ
೨೭ ಆಗಸ್ಟ್ ೧೯೯೯

ತೀರ್ಥರೂಪ ಮಾವನಿಗೆ ಸುಲಭಾಳ ಸಾಷ್ಟಾಂಗ ನಮಸ್ಕಾರ.

ನಿಮ್ಮ ಕೊನೆಯ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತಿದ್ದೆ. ಬರೆದು ಹರಿದೆ. ದೀಪಾವಳಿಗೆ ಇನ್ನೊಂದು ಬರೆದೆ, ಅದರಲ್ಲಿ ಕೆಟ್ಟ ಮಾತು ಬಹಳ ಇದ್ದವು, ಅದನ್ನೂ ಹರಿದೆ. ಯುಗಾದಿಯ ಹೊತ್ತಿಗೆ ಸಿಟ್ಟು ಇಳಿದಿತ್ತು. ಆದರೆ ವರ್ಷ ತುಂಬಿರಲಿಲ್ಲ. ನಾನೂ ತಡೆದೆ. ಆ ಮಾತು ನಿಮ್ಮ ಸಾವಿನ ಬಗ್ಗೆ ಎಂದು ನೀವು ತಿಳಿದು ವರ್ಷವಿಡೀ ಒಬ್ಬರೇ ಹೆದರಿರುತ್ತೀರಿ ಎಂದು ಗೊತ್ತಿದ್ದೂ ತಡೆದೆ. ಅಷ್ಟು ಶಿಕ್ಷೆ ನನ್ನ ಕಡೆಯಿಂದ.

ನಿನ್ನೆಗೆ ಹನ್ನೆರಡನೆಯ ಗುರುವಾರ ಕಳೆದು ವರ್ಷವಾಯಿತು. ಇವರು ಒಂದು ಹನಿ ಮುಟ್ಟಿಲ್ಲ. ಡಾಕ್ಟರು ಲಿವರ್ ನೋಡಿ ನಕ್ಕರು. ಮೊನ್ನೆ ಶಾಲೆಯ ಹತ್ತಿರ ಯಾರೋ ಕೇಳಿದ್ದಕ್ಕೆ ಮುಕ್ತಾ ‘ನಮ್ಮ ಪಪ್ಪಾ’ ಅಂದಳು. ಇವರು ಸೈಕಲ್ ಹಿಡಿದು ನಿಂತವರು ಕೇಳಿಯೂ ಕೇಳದಂತೆ ಗಂಟೆ ಬಾರಿಸಿದರು.

ಇನ್ನು ಹದಿನೇಳು ದಿನಕ್ಕೆ ಗಣಪತಿ. ನೀವು ಬರಬೇಕು. ಪುಣೆಯಲ್ಲಿ ಇಳಿದು ತಳೇಗಾಂವದ ಲೋಕಲ್ ಹಿಡಿಯಿರಿ, ಆದರೆ ತಳೇಗಾಂವದ ತನಕ ಬರಬೇಡಿ. ದೇಹೂ ರೋಡಿನಲ್ಲಿ ಇಳಿಯಿರಿ. ನಾವಿಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇವೆ. ಮೊದಲು ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಮನೆಗೆ ಹೋಗೋಣ.

ಕೃಷ್ಣಾಬಾಯಿಗೆ ಹೇಳಿ ಬಂದಿದ್ದೇನೆ. ಚಹಾ ಎಷ್ಟು ಕಪ್ ಮಾಡಲಿ ಎಂದು ಕೇಳಿದಳು. ನಾವು ಮೂರು ಜನ ಬರುತ್ತೇವೆ, ನಾಲ್ಕು ಮಾಡು ಅಂದಿದ್ದೇನೆ. ಈ ಸಲ ಕುಡಿದೇ ಏಳಬೇಕು, ಮಾವ.

ನಿಮ್ಮ
ಸುಲಭಾ